ಬೀಗರ ಅಂಗಡಿಯ ಗಾಡಿ

ಅಣ್ಣಿಗೇರಿಯ ಕಾಳಿನ ಅಡತಿ ಅಂಗಡಿಗಳ ಸಾಲಿನಲ್ಲಿ ಮಹಾದೇವಕ್ಕನೊಂದಿಗೆ ಚೌಕಾಸಿಗೆ ನಿಲ್ಲಲು ಗಂಡಸರೂ ಹಿಂದೆಮುಂದೆ ನೋಡುತ್ತಿದ್ದರು. ಅವಳದು ಗೋಣಿಚೀಲದ ವ್ಯಾಪಾರ. ಹಳೆಯ ಚೀಲ ಕೊಂಡು, ಜಾಡಿಸಿ, ಹರಿದಲ್ಲಿ ದಬ್ಬಣ ಹಾಕಿ ಹೊಲಿದು, ಕಡಲೆ, ಹೆಸರಿನ ಸುಗ್ಗಿ ಬಂದಾಗ ಮತ್ತೆ ಮಾರುವುದು. ಗಂಡ ಹುಚ್ಚಪ್ಪ ಇದ್ದಾಗ ಅವನ ಹಿಂದೆ ಕೂತು ಸುತಳಿ ಪೋಣಿಸಿಕೊಡುತ್ತಿದ್ದವಳು, ಅವನು ತೀರಿಕೊಂಡ ಮೇಲೆ ಸೆರಗು ಬಿಗಿದು ತಾನೇ ಅಂಗಡಿಯ ಮುಂದೆ ನಿಂತಳು. ಚೀಲವನ್ನು ಬಿಸಿಲಿಗೆ ಎತ್ತಿ ಹಿಡಿದು, ತೂತಿನೊಳಗೆ ಬೆರಳು ತೂರಿಸಿ, "ಇದಕ್ಕ ಈ ರೇಟ್ ಹೇಳಾಕ ನಿಮಗ ಮನಸರ ಹೆಂಗ ಬಂತ್ರಿ?" ಎಂದರೆ ಎದುರಿನವನು ನಕ್ಕು ಇಳಿಸಲೇಬೇಕು.

ಗಂಡ ಬಿಟ್ಟುಹೋದ ಹಳೇ ವ್ಯಾನಿಗೆ ಡ್ರೈವರ್ ಒಬ್ಬನೂ ನಿಲ್ಲದಾದಾಗ, ಬಸ್‌ಸ್ಟ್ಯಾಂಡಿನ ಬಾಜೂ ಗ್ಯಾರೇಜು ಇಟ್ಟಿರುವ ಅಲ್ಲಾಭಕ್ಷ ಅವಳಿಗೆ ಗಾಡಿ ಕಲಿಸಿದ. ಮಾರ್ಕೆಟ್ ಯಾರ್ಡಿನ ಕಾಂಪೌಂಡಿಗೆ ಎರಡು ಸಲ ಗುದ್ದಿ ಕಲಿತಳು. ಆಮೇಲೆ ಶಲವಡಿ, ನವಲಗುಂದ ಎಂದು ಚೀಲ ತುಂಬಿಕೊಂಡು ಒಬ್ಬಳೇ ಓಡಾಡತೊಡಗಿದಳು. ಊರಿನವರು ಮೊದಮೊದಲು ನಕ್ಕರು, ಬರಬರುತ್ತ ಕೈಮಾಡಿ ಹತ್ತಿಕೊಳ್ಳತೊಡಗಿದರು.

ಹೋದ ಹಿಂಗಾರಿಯಲ್ಲಿ ನವಲಗುಂದದಿಂದ ಬರುವಾಗ ಬೆಣ್ಣಿಹಳ್ಳದ ನೀರು ರಸ್ತೆಗೆ ಬಂದಿತ್ತು. ಮುಂದಿನ ಲಾರಿ ದಾಟಿದ್ದನ್ನು ನೋಡಿ ಇವಳೂ ಇಳಿಸಿದಳು. ನಡುನೀರಿನಲ್ಲಿ ವ್ಯಾನು ಕೆಮ್ಮಿ ನಿಂತಿತು. ತುಕ್ಕು ಹಿಡಿದು ತೂತಾಗಿದ್ದ ತಳದಿಂದ ರಾಡಿ ನೀರು ಒಳಗೆ ಬಂದು ಪಾದ, ಮೀನಖಂಡ, ಮೊಣಕಾಲು ಎಂದು ಏರಿತು. ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಎಳೆಯುವ ತನಕ ಅವಳು ಸ್ಟೇರಿಂಗನ್ನು ಎರಡೂ ಕೈಯಿಂದ ತಬ್ಬಿಕೊಂಡೇ ಕೂತಿದ್ದಳು. ಅಂದಿನಿಂದ ಎಂಜಿನ್ ಸ್ವಲ್ಪ ಸದ್ದು ಬದಲಿಸಿದರೂ ಅವಳ ಎದೆ ಹಾರುತ್ತಿತ್ತು. ಕಡಲೆಯ ಸುಗ್ಗಿ ಮುಗಿಯುತ್ತಲೇ, ಹೊಸ ವ್ಯಾನು ಕೊಳ್ಳುವುದೆಂದು ನಿಶ್ಚಯಿಸಿದಳು.

ತಾಪತ್ರಯ ಶುರುವಾದದ್ದು ಅಲ್ಲಿಂದಲೇ.

ಮಗಳು ಶಾಂಭವಿಯನ್ನು ಕುಂದಗೋಳಕ್ಕೆ ಕೊಟ್ಟು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅಳಿಯ ಫಕೀರೇಶ ಸಂಭಾವಿತ, ಆದರೆ ಅಣ್ಣನ ಎದುರು ಬಾಯಿ ಬಿಡುವವನಲ್ಲ. ಆ ಅಣ್ಣ ಸಿದ್ಧಾರೂಢ ಹುಬ್ಬಳ್ಳಿಯ ಒಂದು ಕಾರ್ ಶೋರೂಮಿನಲ್ಲಿ ಮ್ಯಾನೇಜರ್. ಹೊಸ ಗಾಡಿಯ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬೀಗತಿ ಫೋನು ಮಾಡಿದಳು. "ಮನೀ ಮಗಾ ಅಲ್ಲೇ ಕುಂತಿರೂವಾಗ ಹೊರಗ ಹೋಗಿ ಗಾಡಿ ತಂದ್ರ ಮಂದಿ ಏನಂದಾರು? ನಮ್ಮ ಸಿದ್ಧಾರೂಢನ ಕಡೇನ ತಗೋರಿ."

ಮಹಾದೇವಕ್ಕನಿಗೆ ಇಲ್ಲ ಎನ್ನಲಾಗಲಿಲ್ಲ. ಆ ಮನೆಯಲ್ಲಿ ತನ್ನ ಮಗಳು ಬದುಕಬೇಕು.

ಶೋರೂಮಿನಲ್ಲಿ ಸಿದ್ಧಾರೂಢ ಬಾಗಿಲಿಗೇ ಬಂದು, "ಬರ್ರಿ ಅತ್ತಿ, ಬರ್ರಿ" ಎಂದು ಕರೆದೊಯ್ದ. ತಣ್ಣನೆಯ ಗಾಳಿ, ಮುಖ ಕಾಣುವಷ್ಟು ನುಣುಪಾದ ನೆಲ. ಚಪ್ಪಲಿಯ ಎರೆಮಣ್ಣು ಹತ್ತೀತೆಂದು ಅವಳು ತುದಿಗಾಲಲ್ಲಿ ನಡೆದಳು. ಚಹಾ ಬಂತು. ಆಮೇಲೆ ಅವನು ಒಂದು ಕಾಗದ ಮುಂದಿಟ್ಟು ಪೆನ್ನಿನ ತುದಿಯಿಂದ ತೋರಿಸುತ್ತ ಹೋದ. ಗಾಡಿಯ ದರ ಒಂದು. ಅದರ ಕೆಳಗೆ ಸೀಟ್ ಕವರು, ಮ್ಯಾಟು ಎಂದೆಲ್ಲ ಇರುವ ಕಿಟ್ಟು. ಶೋರೂಮಿನದೇ ಇನ್ಶೂರೆನ್ಸು. ತಳಕ್ಕೆ ಹೊಡೆಸುವ ಬಣ್ಣ. ಗಾಡಿ ತಂದು ಇಳಿಸಿದ್ದಕ್ಕೆ ಹ್ಯಾಂಡ್ಲಿಂಗ್ ಚಾರ್ಜು. ಕೊನೆಗೆ, ಗಾಡಿ ಕಾಯದೆ ಲಗೂ ಬೇಕಾದರೆ ಕೊಡಬೇಕಾದ್ದು ಬೇರೆ. ಎಲ್ಲ ಕೂಡಿದರೆ ದರದ ಮೇಲೆ ಮುಕ್ಕಾಲು ಲಕ್ಷ ಹೆಚ್ಚು.

ಇವುಗಳಲ್ಲಿ ಮುಕ್ಕಾಲುಪಾಲು ಬೇಡ ಎನ್ನಬಹುದು, ಇನ್ಶೂರೆನ್ಸ್ ಹೊರಗೂ ಮಾಡಿಸಬಹುದು ಎಂದು ಅಲ್ಲಾಭಕ್ಷ ಮೊದಲೇ ಹೇಳಿ ಕಳಿಸಿದ್ದ. ಅಡತಿ ಅಂಗಡಿಯಾಗಿದ್ದರೆ ಅವಳು ಆ ಕಾಗದವನ್ನು ಬಿಸಿಲಿಗೆ ಹಿಡಿದು ಬೆರಳು ತೂರಿಸುತ್ತಿದ್ದಳು. ಇಲ್ಲಿ ಕಾಗದ ಮೇಜಿನ ಮೇಲೆಯೇ ಉಳಿಯಿತು.

"ಒಂಚೂರು ವಿಚಾರ ಮಾಡಿ ಹೇಳ್ತೀನ್ರಿ," ಎಂದಳು.

ಸಿದ್ಧಾರೂಢ ನಗುತ್ತಲೇ ಇದ್ದ. ದನಿ ಮಾತ್ರ ಇಳಿಯಿತು. "ವಿಚಾರ ಎಂಥಾದ್ದು ಅತ್ತಿ? ನಮ್ಮ ಮಾಲಕರಿಗೆ ಆಗಲೇ ಹೇಳಿಬಿಟ್ಟೀನಿ, ನಮ್ಮ ಬೀಗರು ಅಂತ. ನನ್ನ ಮಾನಾ ನಿಮ್ಮ ಕೈಯಾಗ ಐತಿ." ಒಂದು ಗುಟುಕು ಚಹಾ ಕುಡಿದು, ಅಷ್ಟೇ ಮೆತ್ತಗೆ ಅಂದ: "ಶಾಂಭವಿನ್ನ ನಮ್ಮವ್ವ ಮಗಳಂಗ ನೋಡ್ಕೊಂಡಾಳ. ಹಂಗ ನಡೀಲಿ ಅಲ್ಲ?"

ಮಹಾದೇವಕ್ಕ ಚೀಲದಿಂದ ಮುಂಗಡದ ರೊಕ್ಕ ತೆಗೆದು ಮೇಜಿನ ಮೇಲಿಟ್ಟಳು. ರಸೀದಿ ಕೊಟ್ಟದ್ದೂ, ಅವನು ಗಾಜಿನ ಬಾಗಿಲು ಹಿಡಿದು ನಿಂತದ್ದೂ ಅವಳಿಗೆ ಸರಿಯಾಗಿ ನೆನಪಿಲ್ಲ.

ಮನೆಗೆ ಬಂದು ಮಗಳಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಸಂಜೆ ಮತ್ತೆ ಹಚ್ಚಿದಾಗ ಬೀಗತಿ ಎತ್ತಿ, "ಆಕಿ ರೊಟ್ಟಿ ಬಡಿಯಾಕತ್ತಾಳ, ಆಮ್ಯಾಲ ಮಾಡ್ತಾಳ" ಅಂದಳು. ಆಮೇಲೆ ಫೋನು ಬರಲಿಲ್ಲ. ಮಹಾದೇವಕ್ಕ ತಾಟಿನ ಮುಂದೆ ಕೂತು ರೊಟ್ಟಿ ಮುರಿದಳೇ ಹೊರತು ಬಾಯಿಗಿಡಲಿಲ್ಲ. ಮಗಳ ಫೋನು ಅತ್ತೆಯ ಕೈಯಲ್ಲಿ ಯಾಕಿತ್ತು? ಹಿಂದೆಯೂ ಹೀಗೇ ಇತ್ತೇ, ತಾನು ಗಮನಿಸಲಿಲ್ಲವೇ? ಮದುವೆಯಾದ ಹೊಸದರಲ್ಲಿ ಶಾಂಭವಿ ಫೋನಿನಲ್ಲಿ ಎಷ್ಟು ನಗುತ್ತಿದ್ದಳು, ಈಗೀಗ ಹೂಂ, ಹೌದು, ಆತು ಎಂದಷ್ಟೇ ಅನ್ನುತ್ತಾಳಲ್ಲ ಎಂಬುದು ಆಗ ಹೊಳೆಯಿತು.

ಮರುದಿನ ಒಂದು ಚೀಲ ಹೆಸರುಕಾಳು ಕೊಡುವ ನೆಪ ಮಾಡಿಕೊಂಡು ಕುಂದಗೋಳಕ್ಕೆ ಹೋದಳು. ಹಳೇ ವ್ಯಾನು ದಾರಿಯುದ್ದಕ್ಕೂ ಗೊರಗೊರ ಎನ್ನುತ್ತಿತ್ತು. ಇವಳ ಮನಸ್ಸು ಬೀಗರ ಮನೆಯ ಹೊಸ್ತಿಲಲ್ಲಿತ್ತು. ಬೀಗತಿ ನಗುನಗುತ್ತ ಒಳಗೆ ಕರೆದಳು, ಕಾಳು ಮುಟ್ಟಿ ನೋಡಿ ಹೊಗಳಿದಳು, ಗಾಡಿ ಯಾವ ಬಣ್ಣದ್ದೆಂದು ಕೇಳಿದಳು. ಶಾಂಭವಿ ನೀರು ತಂದುಕೊಟ್ಟಾಗ ತಾಯಿ ಅವಳ ಕೈ, ಮುಖ, ಕೊರಳೆಲ್ಲ ಹುಡುಕಿ ನೋಡಿದಳು. ಏನೂ ಆಗಿರಲಿಲ್ಲ. ಮೈ ಮಾತ್ರ ಕೊಂಚ ಇಳಿದಂತಿತ್ತು.

ಬೀಗತಿ ಹಿತ್ತಲಿಗೆ ಹೋದಾಗ ತಾಯಿಮಗಳು ಅಡಿಗೆಮನೆಯಲ್ಲಿ ಉಳಿದರು. ಮಹಾದೇವಕ್ಕ ನಡೆದದ್ದನ್ನೆಲ್ಲ ಪಿಸುದನಿಯಲ್ಲಿ ಹೇಳಿ, "ಕೊಟ್ಟಬಿಡ್ತೀನವಾ, ರೊಕ್ಕ ಹೋದ್ರ ಹೋಗವಲ್ದ್ಯಾಕ, ನೀ ಸುಖದಾಗಿದ್ರ ಸಾಕು," ಅಂದಳು.

ಶಾಂಭವಿ ಒಲೆಯತ್ತ ತಿರುಗಿ ನಿಂತಿದ್ದಳು. "ಅವ್ವಾ, ಈಗ ಕೊಟ್ಟಿ ಅಂದ್ರ ಇಲ್ಲಿಗೆ ಮುಗಿಯೂದಿಲ್ಲ. ನನ್ನ ಹೆಸರ ಹೇಳಿದ್ರ ನೀ ಕೊಡ್ತಿ ಅನ್ನೂದು ಅವರಿಗೆ ಗೊತ್ತಾಕ್ಕೈತಿ. ನನಗ ಅದರದ ಅಂಜಿಕಿ."

"ಕೊಡಲಿಲ್ಲಂದ್ರ?"

"ಕೊಡಲಿಲ್ಲಂದ್ರೂ ಅಂಜಿಕಿ ಐತಿ." ಮಗಳು ತಿರುಗಿ ತಾಯಿಯನ್ನು ನೋಡಿದಳು. "ಆದ್ರೂ ಕೊಡಬ್ಯಾಡ."

ಹಿತ್ತಲ ಬಾಗಿಲು ಕಿರ್ ಅಂದಿತು. ಶಾಂಭವಿ ಪಲ್ಯದ ಗಡಿಗೆಗೆ ಕೈಹಾಕಿದಳು.

ಎರಡನೆಯ ಸಲ ಹುಬ್ಬಳ್ಳಿಗೆ ಹೋಗುವಾಗ ಅಲ್ಲಾಭಕ್ಷ ಜೊತೆಗೆ ಬಂದ. ಶೋರೂಮಿನ ಎದುರು ಗಾಡಿ ನಿಲ್ಲಿಸಿ, ಅವಳು ಇಳಿಯಲಿಲ್ಲ.

"ಅಕ್ಕಾ, ನಾನೂ ಒಳಗ ಬರ್ಲ್ಯಾ?"

"ಬ್ಯಾಡ ತಮ್ಮಾ. ನೀ ಬಂದಿ ಅಂದ್ರ ನೀನ ಕಲಿಸ್ಕೊಟ್ಟಿ ಅಂತಾರ. ಇಲ್ಲೇ ಕುಂದರು. ನಾ ಹೊರಗ ಬಂದಾಗ ಯಾರರ ಒಬ್ಬರು ಇರ್ಬೇಕು ಇಲ್ಲಿ."

ಈ ಸಲ ಸಿದ್ಧಾರೂಢ ತನ್ನ ಕೋಣೆಯಲ್ಲೇ ಕೂತಿದ್ದ. ಅವಳು ಕುರ್ಚಿಯ ತುದಿಯಲ್ಲಿ ಕೂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು. "ಗಾಡಿದ ಕಂಪನಿ ದರಾ ಎಷ್ಟ ಐತಿ ಅಷ್ಟೂ ಕೊಡ್ತೀನ್ರಿ. ಸರಕಾರಕ್ಕ ತುಂಬೂದೂ ಕೊಡ್ತೀನಿ. ಕಿಟ್ಟ ಬ್ಯಾಡ. ಇನ್ಶೂರೆನ್ಸ್ ನಾನ ಹೊರಗ ಮಾಡಸ್ತೀನಿ. ಹ್ಯಾಂಡ್ಲಿಂಗ್ ಅಂತ ಕೊಡೂದಿಲ್ಲ. ಗಾಡಿ ಬಂದಾಗ ಬರ್ಲಿ, ಕಾಯ್ತೀನಿ."

ಅವನು ಪೆನ್ನಿನ ಮುಚ್ಚಳ ಹಾಕಿದ. ಆಮೇಲೆ ಕೇಳಿದ. "ನಿನ್ನೆ ಕುಂದಗೋಳಕ್ಕ ಹೋಗಿದ್ರಂತಲ್ಲ. ಶಾಂಭವಿ ಏನರ ಹೇಳಿದ್ಲೇನ್ರಿ?"

ಅವಳು ಅತಿ ಹೆಚ್ಚು ಅಂಜಿದ್ದು ಈ ಪ್ರಶ್ನೆಗೆ. ಬೆಣ್ಣಿಹಳ್ಳದಲ್ಲಿ ನೀರು ಮೊಣಕಾಲಿಗೆ ಬಂದಾಗಲೂ ಇಷ್ಟು ಹೆದರಿರಲಿಲ್ಲ ಎನ್ನಿಸಿತು. "ಆಕಿಗೇನ ಗೊತ್ರಿ ಇದರದ್ದು? ಕಾಳು ಕೊಟ್ಟು ಬಂದೆ ಅಷ್ಟ," ಅಂದಳು. ಇಷ್ಟು ಕಾಲದ ವ್ಯಾಪಾರದಲ್ಲಿ ನೂರು ಸುಳ್ಳು ಹೇಳಿದ್ದಳು, ಯಾವುದಕ್ಕೂ ಇಷ್ಟು ಬೆವರಿರಲಿಲ್ಲ.

"ಹಂಗಾದ್ರ ಗಾಡಿ ಕೊಡಾಕ ಆಗೂದಿಲ್ರಿ."

"ಆಗೂದಿಲ್ಲಂದ್ರ ನನ್ನ ಮುಂಗಡ ಕೊಟ್ಟಬಿಡ್ರಿ," ಎಂದು ಅವಳು ಎದ್ದಳು. ಮೇಜಿನ ಅಂಚು ಹಿಡಿದು ನಿಂತಳು.

ಸಿದ್ಧಾರೂಢನೂ ಎದ್ದ. ಹೋಗಿ ಕೋಣೆಯ ಬಾಗಿಲು ಹಾಕಿದ. ಅವಳು ಗಾಜಿನಾಚೆಗೆ ನೋಡಿದಳು. ಅಲ್ಲಾಭಕ್ಷ ದೂರದಲ್ಲಿ, ವ್ಯಾನಿಗೆ ಒರಗಿ, ಬೇರೆ ಕಡೆ ಮುಖ ಮಾಡಿ ನಿಂತಿದ್ದ.

"ಕುಂದರ್ರಿ ಅತ್ತಿ," ಅಂದ ಸಿದ್ಧಾರೂಢ. ಈಗ ಅವನ ದನಿಯಲ್ಲಿ ಮೊದಲಿನ ಮೆದುತನ ಇರಲಿಲ್ಲ. ಹಣೆ ಉಜ್ಜಿಕೊಂಡ. "ಗಾಡಿ ಮಾರಿದ್ರ ಇಲ್ಲಿ ಯಾರೂ ಶಾಬಾಸ್ ಅನ್ನೂದಿಲ್ರಿ. ಕಿಟ್ಟ ಎಷ್ಟ ಹೋದವು, ಇನ್ಶೂರೆನ್ಸ್ ಎಷ್ಟ ಆದವು, ಅದನ್ನಷ್ಟ ಕೇಳ್ತಾರ. ಎರಡ ತಿಂಗಳಾತು, ನಂದು ಕಡಿಮಿ ಬಿದ್ದೈತಿ. ಈ ಸಲಾನೂ ಬಿತ್ತಂದ್ರ ಈ ಕುರ್ಚಿ ಮ್ಯಾಲ ಬ್ಯಾರೇದವರು ಕುಂದರ್ತಾರ. ಮನ್ಯಾಗ ಯಾರಿಗೂ ಹೇಳಿಲ್ಲ. ನನಗೂ ಅಂಜಿಕಿ ಐತಿ."

ಮಹಾದೇವಕ್ಕ ಅವನನ್ನು ನೋಡಿದಳು. ಕೊರಳಪಟ್ಟಿಯ ಹತ್ತಿರ ಅಂಗಿ ಬೆವರಿನಿಂದ ತೊಯ್ದಿತ್ತು. ಕನಿಕರ ಬಂತು, ಬರಲಿಲ್ಲವೆಂದಲ್ಲ. ಆದರೆ ಅದರ ಹಿಂದೆಯೇ ಇನ್ನೇನೋ ಬಿಸಿಯಾಗಿ ಎದೆಗೆ ಏರಿತು.

"ಹೌದ್ರಿ, ನಿಮ್ಮ ತ್ರಾಸು ನಿಮಗ. ಆದ್ರ ನನ್ನ ಮಗಳನ್ನ ಯಾಕ ನಡುವ ತಂದ್ರಿ?"

ಅವನು ಪೆನ್ನು ತೆಗೆದು ಕಾಗದದ ಮೇಲೆ ಒಂದೊಂದೇ ಸಾಲು ಹೊಡೆದುಹಾಕತೊಡಗಿದ. ಕೊನೆಗೆ ಒಂದರ ಮೇಲೆ ಪೆನ್ನು ನಿಲ್ಲಿಸಿ, "ಗಾಡಿ ತಳಕ್ಕ ತುಕ್ಕ ಹಿಡೀಲಾರದಂಗ ಬಣ್ಣಾ ಹೊಡಸೂದು ಇದು. ಇದೊಂದು ತಗೋರಿ. ಅರ್ಧ ರೇಟಿಗೆ ಮಾಡಿಸಿಕೊಡ್ತೀನಿ," ಅಂದ.

ತೂತುಬಿದ್ದ ತಳದಿಂದ ನೀರು ಬಂದದ್ದನ್ನು ಕಣ್ಣಾರೆ ಕಂಡವಳಿಗೆ ಅದು ಬೇಕೇ ಇತ್ತು. "ಆತು, ಮಾಡಸ್ರಿ," ಅಂದಳು.

ಹೊರಗೆ ಬಂದು ಕೀಲಿಯನ್ನು ಅಲ್ಲಾಭಕ್ಷನ ಕೈಗೆ ಕೊಟ್ಟು ಬಾಜೂ ಸೀಟಿನಲ್ಲಿ ಕೂತಳು. ಅವನೇ ಗಾಡಿ ಹೊಡೆದ. ಗೆದ್ದೆನೆಂದು ಅವಳಿಗೆ ಅನಿಸಲೇ ಇಲ್ಲ. ಊರು ಮುಟ್ಟುವ ತನಕ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಅದು ಬಡಿದುಕೊಂಡರೆ ಏನು ಸುದ್ದಿ ಬರುವುದೋ ಎಂದು ಕಾಯುತ್ತ ಕೂತಿದ್ದಳು.

ಹೊಸ ವ್ಯಾನು ಆಷಾಢ ಹಿಡಿಯುವ ಮೊದಲು ಬಂತು. ಬಿಳಿ ಬಣ್ಣದ್ದು. ಓಣಿಯವರೆಲ್ಲ ಬಂದು ನೋಡಿದರು, ಬೀಗರ ಕಡೆಯಿಂದ ಯಾರೂ ಬರಲಿಲ್ಲ. ಶಾಂಭವಿ ಫೋನಿನಲ್ಲಿ ಚೆನ್ನಾಗಿದ್ದೇನೆ ಅನ್ನುತ್ತಿದ್ದಳು. ಪಕ್ಕದಲ್ಲಿ ಯಾರು ನಿಂತಿದ್ದಾರೋ ಎಂದು ತಾಯಿ ಹೆಚ್ಚು ಕೇಳುತ್ತಿರಲಿಲ್ಲ. ನಾಗರಪಂಚಮಿ ಹತ್ತಿರ ಬಂತು. ಊರಿಗೆ ಊರೇ ಹೆಣ್ಣುಮಕ್ಕಳನ್ನು ಕರೆತರುತ್ತಿತ್ತು. ಕಳಿಸುತ್ತೇವೆಂದು ಕುಂದಗೋಳದಿಂದ ಒಂದು ಮಾತು ಬರಲಿಲ್ಲ. ಮಹಾದೇವಕ್ಕ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುವಾಗ ಅಂಗೈಯಲ್ಲಿ ಒಡೆದು ಒಡೆದು ಹೋಗುತ್ತಿದ್ದವು.

ಕಡೆಗೆ ಕರೆಯದೆಯೇ ಹೋದಳು. ಬೀಗತಿ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಕರಿಯಾಕ ಬಂದೀನ್ರಿ, ಪಂಚಮಿಗೆ," ಅಂದರೂ ಒಂದು ಕಾಯಿ, ಇನ್ನೊಂದು ಕಾಯಿ ಎಂದು ಸುಲಿಯುತ್ತಲೇ ಇದ್ದಳು. ಮಹಾದೇವಕ್ಕ ಕಂಬಕ್ಕೆ ಒರಗಿ ನಿಂತಳು. ಇಲ್ಲ ಅಂದರೆ ಬರಿಗೈಯಲ್ಲಿ ಹೇಗೆ ತಿರುಗಿ ಹೋಗುವುದು, ಮಗಳ ಮುಖ ನೋಡದೆ ಹೇಗೆ ಹೋಗುವುದು ಎಂದು ಒಳಬಾಗಿಲನ್ನೇ ನೋಡುತ್ತಿದ್ದಳು.

ಒಳಗಿನಿಂದ ಫಕೀರೇಶ ಬಂದ. ಕೈಯಲ್ಲಿ ಬ್ಯಾಗು, ಹಿಂದೆ ಶಾಂಭವಿ. ಯಾರ ಕಡೆಯೂ ನೋಡದೆ, "ಅವ್ವಾ, ನಾನ ಹೇಳೀನಿ ಹೋಗಿ ಬಾ ಅಂತ," ಅಂದ. ದನಿ ನಡುಗಿತು, ಆದರೂ ಅಂದ. ಬೀಗತಿಯ ಕೈ ನಿಂತಿತು. ಅವಳು ಮಗನನ್ನು ಒಂದು ಸಲ, ಸೊಸೆಯನ್ನು ಒಂದು ಸಲ ನೋಡಿದಳು. "ತಿರುಗಿ ಕಳಸೂವಾಗ ಉಂಡಿ ಹಾಕಿ ಕಳಸ್ರಿ ಮತ್ತ," ಎಂದು ಮತ್ತೆ ಶೇಂಗಾಕ್ಕೆ ಕೈಹಾಕಿದಳು.

ಗಾಡಿ ಕುಂದಗೋಳ ದಾಟಿತು. ಆಮೇಲೆ ಶಾಂಭವಿ, "ನೀ ಹುಬ್ಬಳ್ಳಿಗೆ ಹೋಗಿ ಬಂದಾಗಿಂದ ಭಾವಾರು ನನ್ನ ಜೋಡಿ ಮಾತಾಡಿಲ್ಲ," ಅಂದಳು.

"ಬೈದರೇನ?"

"ಬೈದಿಲ್ಲ. ನೀಡಿದ್ರ ಉಣ್ತಾರ, ಎದ್ದ ಹೋಗ್ತಾರ. ಕೆಲಸ ಹೋಗಿಲ್ಲ ಅವರದ್ದು." ಸ್ವಲ್ಪ ಹೊತ್ತು ಹೊರಗಿನ ಹೆಸರಿನ ಹೊಲ ನೋಡಿ ಅಂದಳು. "ಫೋನು ಈಗ ನನ್ನ ಕಡೇನ ಇರ್ತೈತಿ. ಅವರು ಕೇಳಿ ಕೊಡಿಸಿದ್ರು." ಅವರು ಎಂದರೆ ಗಂಡ.

ಹಬ್ಬ ಮುಗಿದು ಮಗಳನ್ನು ತಿರುಗಿ ಬಿಡಲು ಹೋದ ದಿನ ಸಿದ್ಧಾರೂಢ ಮನೆಯಲ್ಲೇ ಇದ್ದ. ಉಂಡಿಯ ಡಬ್ಬಿ ಇಳಿಸುವಾಗ ಹೊರಗೆ ಬಂದು, ವ್ಯಾನಿನ ಸುತ್ತ ಒಂದು ಸುತ್ತು ಹಾಕಿದ. ಟಯರನ್ನು ಕಾಲಿನಿಂದ ಒತ್ತಿ ನೋಡಿದ. ಮಹಾದೇವಕ್ಕ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತಳು.

"ಎವರೇಜ್ ಎಷ್ಟ ಕೊಡ್ತೈತ್ರಿ, ಅತ್ತಿ?" ಎಂದು ಕೇಳಿದ.

"ಛಲೋ ಐತ್ರಿ," ಅಂದಳು. ಶಾಂಭವಿ ತಾಯಿಯ ಕೈಯಿಂದ ಡಬ್ಬಿ ತೆಗೆದುಕೊಂಡು, ಭಾವನ ಪಕ್ಕದಿಂದ ಹಾದು, ಒಳಗೆ ಹೋದಳು.