ಮೂರನೆಯ ಸಲದ ‘ಸಾಕು’

ನಾನು ನಾಪಾಸಾದ ಸುದ್ದಿ ಬಂದಾಗ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದೆ. ಹುಣಸೆಹಣ್ಣು ಬಿಡಿಸುವ ಹೆಂಗಸಿಗೆ ಫೋನು ಎತ್ತಲು ಕೈಯಿರುವುದಿಲ್ಲ ಎಂಬುದು ಫೋನು ಮಾಡುವವರಿಗೆ ತಿಳಿಯುವುದಿಲ್ಲ. ಮೊಣಕೈಯಿಂದ ಹೇಗೋ ಒತ್ತಿ, ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ. ಮೂಡಲಗಿಯಿಂದ ನಮ್ಮ ತರಬೇತಿಯ ಮೇಡಂ.

“ಹಸೀನಾ ಅಕ್ಕಾರ, ಬರಿಯೋ ಪರೀಕ್ಷಾದಾಗ ಪಾಸ್ ಆಗೀರಿ. ಸಾಲ್ಯಾಗ ಮಾಡಿ ತೋರ್ಸೋದ್ರಾಗ ನಾಪಾಸ್ ರಿ. ಇನ್ನೊಂದ ತಿಂಗಳ ಮತ್ತ ಮಾಡಬೇಕಾಗ್ತೈತಿ.”

“ನಂದಿರ್ಲಿ ಬಿಡ್ರಿ ಮೇಡಂ, ಆ ಹುಡುಗಿದ ಏನಾತು?” ಎಂದು ಕೇಳುವಷ್ಟರಲ್ಲಿ ಫೋನು ಭುಜದಿಂದ ಜಾರಿ, ಕೈ ತೊಳೆಯಲೆಂದು ಇಟ್ಟುಕೊಂಡಿದ್ದ ನೀರಿನ ಬೋಗುಣಿಯಲ್ಲಿ ಮುಳುಗಿತು.

ನಮ್ಮ ಮನೆಯವರು ಗಾದಿ ಹೊಲಿಯುವವರು. ಗೋಕಾಕದ ನಮ್ಮ ಮನೆಯ ಮುಂದಿನ ಖೋಲಿಯೇ ಅಂಗಡಿ. ಗಡ್ಡದ ತುಂಬ ಅರಳೆ ಮೆತ್ತಿಕೊಂಡು ಒಳಗೆ ಬಂದರು, ಫೋನನ್ನು ಒರೆಸಿ ಅರಳೆಯ ರಾಶಿಯಲ್ಲಿ ಹೂತಿಟ್ಟರು.

“ನೀರ ಹೀರತೈತಿ. ಅರ್ಧಾ ತಾಸ ಸುಮ್ಮ ಕುಂಡ್ರು” ಎಂದರು. ಆಮೇಲೆ ಹೊಸ್ತಿಲಲ್ಲಿ ತಿರುಗಿ ನಿಂತು, “ಸುಮ್ಮ ಕುಂಡ್ರಾಕ ಬರ್ತಿದ್ರ ಪಾಸರ ಆಗ್ತಿದ್ದಿ” ಎಂದರು.

ಖರೆ ಮಾತು. ಈ ಅರ್ಧ ತಾಸಿನಲ್ಲಿ ನನ್ನ ನಾಪಾಸಿನ ಕತೆಯನ್ನು ನಿಮಗೆ ಹೇಳಿಬಿಡುತ್ತೇನೆ, ಹೇಗೂ ಕೈ ಖಾಲಿ ಇದೆ.

ಮಗಳ ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ನಾನು ಉಣಿಸಲು ಜನ ಸಾಲದಾದರು. ನಾನು ತರಬೇತಿಗೆ ಸೇರಿದ್ದಕ್ಕೆ ಅದೇ ಕಾರಣ, ಅರ್ಜಿಯಲ್ಲಿ ಬೇರೇನೋ ದೊಡ್ಡದು ಬರೆದಿದ್ದೆ. ಸಾಲೆಯಲ್ಲಿ ಎಲ್ಲ ಮಕ್ಕಳೂ ಒಂದೇ ರೀತಿ ಕಲಿಯುವುದಿಲ್ಲ. ಕಿವಿ ಕೇಳದ್ದು ಇರುತ್ತದೆ, ಮಾತು ಬಾರದ್ದು ಇರುತ್ತದೆ, ಗಳಿಗೆಯೂ ಒಂದು ಕಡೆ ಕೂರದ್ದು ಇರುತ್ತದೆ. ಅಂಥ ಮಕ್ಕಳ ಪಕ್ಕದಲ್ಲಿ ಕುಳಿತು ಕಲಿಕೆಗೆ ನೆರವಾಗುವ ಹೆಂಗಸರನ್ನು ತಯಾರು ಮಾಡುವ ತರಬೇತಿ ಅದು. ಸಹಾಯ ಮಾಡುವುದನ್ನು ನನಗೆ ಯಾರು ಏನು ಕಲಿಸುತ್ತಾರೆ ಎಂಬ ಗತ್ತಿನಲ್ಲೇ ಮೂಡಲಗಿಯ ಬಸ್ಸು ಹತ್ತಿದ್ದೆ. ಮೊದಲ ದಿನ ಮೇಡಂ ಕಲಿಸಿದ ಮೊದಲ ಪಾಠ: ಸಹಾಯ ಮಾಡಬೇಡಿ. ಮನಸ್ಸಿನಲ್ಲಿ ಹತ್ತು ಎಣಿಸಿ. ಮಗು ತಾನೇ ಮಾಡುತ್ತದೋ, ಕೇಳುತ್ತದೋ ನೋಡಿ. ಆಮೇಲೆ ಬೇಕಿದ್ದರೆ ಕೈ ಹಾಕಿ.

ಹತ್ತು ಎಣಿಸುವಷ್ಟರಲ್ಲಿ ನಾನು ಎರಡು ರೊಟ್ಟಿ ಬಡಿದಿರುತ್ತೇನೆ.

ಕಣ್ಣು ಕಟ್ಟಿಕೊಂಡು ಇನ್ನೊಬ್ಬರ ಕೈಯಲ್ಲಿ ಉಣ್ಣುವ ಒಂದು ಅಭ್ಯಾಸವೂ ಇತ್ತು. ಉಣ್ಣುವವರು ಮಾತಾಡುವಂತಿಲ್ಲ. ಮಾತು ಬಾರದ ಮಗುವಿಗೆ ಹೇಗನಿಸುತ್ತದೆ ಎಂದು ನಮಗೆ ತಿಳಿಯಲಿ ಅಂತ. ನಮ್ಮ ಜೊತೆ ಕಲಿಯಲು ದಡ್ಡಿ ಎಂಬ ಊರಿನಿಂದ ಬರುತ್ತಿದ್ದ ಕಸ್ತೂರಿ ಅಕ್ಕ ನನ್ನ ಪಾಲಿಗೆ ಬಂದರು. ತಾಟಿನಲ್ಲಿ ಉಪ್ಪಿಟ್ಟು. ಮೊದಲ ತುತ್ತು ಹಿಡಿದೆ, ತಲೆಯಲ್ಲಾಡಿಸಿದರು. ಮತ್ತೆ ಹಿಡಿದೆ, ಕೈ ಅಡ್ಡ ಇಟ್ಟರು. ನಮ್ಮ ಸೀಮೆಯ ಪದ್ಧತಿ ನಿಮಗೆ ಗೊತ್ತಲ್ಲ. ಮೊದಲನೆಯ ಸಲ ಬ್ಯಾಡ ಎಂದರೆ ಅದು ಮರ್ಯಾದೆ. ಎರಡನೆಯದು ಸಂಕೋಚ. ಮೂರನೆಯ ಸಲ ಬ್ಯಾಡ ಎಂದರು ಅಂದರೆ ಪಾಪ ಹಸಿದಿದ್ದಾರೆ ಎಂದರ್ಥ, ತಾಟು ತುಂಬಿಸಬೇಕು. ಮೊದಲ ‘ಸಾಕು’ಗೇ ಕೈ ಹಿಂದೆಗೆದ ಮನೆಯಲ್ಲಿ ಯಾರೂ ಎರಡನೆಯ ಸಲ ಉಣ್ಣುವುದಿಲ್ಲ. ಕಸ್ತೂರಿ ಅಕ್ಕನಿಗೆ ಇಡೀ ತಾಟು ಉಣಿಸಿದೆ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವರು ಮೆಲ್ಲಗೆ, “ಇವತ್ತ ಸೋಮವಾರ್ರಿ. ನಂದು ಉಪವಾಸ ಇತ್ತು” ಎಂದರು.

ರಂಜಾನಿನಲ್ಲಿ ರೋಜಾ ಹಿಡಿಯುವವಳು ನಾನು, ಇನ್ನೊಬ್ಬರ ಉಪವಾಸ ಮುರಿದದ್ದು ಎಂಥ ಪಾಪ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕಸ್ತೂರಿ ಅಕ್ಕನೇ ಸಮಾಧಾನ ಹೇಳಿದರು: “ಇರ್ಲಿ ಬಿಡ್ರಿ. ನನ್ನ ಕಣ್ಣ ಕಟ್ಟಿದ್ದು ದೇವರಿಗೂ ಕಂಡೈತಿ, ನೀವು ತುರುಕಿದ್ದೂ ಕಂಡೈತಿ. ಲೆಕ್ಕಾ ನಿಮ್ಮ ಹೆಸರಿಗೇ ಬರಕೋತಾನ.”

ಈ ಕಾಯುವ ವಿಷಯವನ್ನು ನಮಾಜಿನ ಚಾಪೆಯ ಮೇಲೆ ಕುಳಿತು ಬಹಳ ಯೋಚಿಸಿದ್ದೇನೆ. ಅಲ್ಲಿ ಕುಳಿತು ಇಲ್ಲದ್ದನ್ನೆಲ್ಲ ಯೋಚಿಸುವುದು ನನ್ನ ಹಳೆಯ ಚಟ. ಅಲ್ಲಾಹನಿಗೆ ನಮ್ಮ ಮನಸ್ಸಿನಲ್ಲಿರುವುದೆಲ್ಲ ಗೊತ್ತು. ಆದರೂ ಕೈಯೆತ್ತಿ ಕೇಳಿ ಎನ್ನುತ್ತಾನೆ. ಗೊತ್ತಿದ್ದ ಮೇಲೆ ಕೇಳುವುದೇಕೆ ಎಂದು ಚಿಕ್ಕವಳಿದ್ದಾಗ, ಬೆಲ್ಲದ ಬಾಗೇವಾಡಿಯ ತವರಿನಲ್ಲಿ ನಮಗೆ ಅರಬ್ಬಿ ಅಕ್ಷರ ಕಲಿಸುತ್ತಿದ್ದ ಅಜ್ಜಿಗೆ ಕೇಳಿದ್ದೆ. “ನೀ ಕೇಳಿದ್ರ ಅಂವಗ ನಿನ್ನ ದನಿ ಕೇಳಸ್ತೈತಲ್ಲವಾ, ಅದಕ್ಕ” ಎಂದಿದ್ದಳು. ಏಳು ಆಕಾಶ ನಡೆಸುವವನು ಒಬ್ಬ ಗಾದಿಯವನ ಹೆಂಡತಿಯ ದನಿಗೆ ಕಾಯುತ್ತಾನೆ. ಒಂದು ಸಾರಿನ ಪಾತ್ರೆ ನಡೆಸುವ ನನಗೆ ಹತ್ತು ಎಣಿಸುವಷ್ಟು ಪುರಸತ್ತಿಲ್ಲ.

ಮಾಡಿ ತೋರಿಸುವ ತಿಂಗಳಿಗೆ ಮಮದಾಪುರದ ಕಡೆಯ ಒಂದು ಹಳ್ಳಿಯ ಸಾಲೆಗೆ ನನ್ನನ್ನು ಹಾಕಿದರು. ಅಲ್ಲಿ ರೇಣುಕಾ ಎಂಬ ಒಂಬತ್ತು ವರ್ಷದ ಹುಡುಗಿ. ಕುರಿ ಕಾಯುವವರ ಮಗಳು, ಮಾತು ಬರುವುದಿಲ್ಲ. ಅವಳ ಕೊರಳಲ್ಲಿ ದಾರಕ್ಕೆ ಪೋಣಿಸಿದ ಚಿತ್ರದ ಚೀಟಿಗಳು: ನೀರು, ಊಟ, ಪಾಯಖಾನೆ, ಮತ್ತು ಅಡ್ಡ ಹಿಡಿದ ಅಂಗೈಯ ಚಿತ್ರವಿರುವ ‘ಸಾಕು’. ಮೊದಲ ದಿನವೇ ಹೆಡ್‌ಮಾಸ್ತರರು ಅವಳ ತಾಯಿ ಯಲ್ಲವ್ವನ ಎದುರಿಗೆ ನನಗೆ ಹೇಳಿದರು:

“ತಿಂಗಳೊಳಗ ಈಕಿ ತನ್ನ ಚೀಟಿ ತಾನ ತೋರ್ಸಾಕ ಕಲಿತ್ರ ಇಲ್ಲೇ ಇರ್ಲಿ. ಇಲ್ಲಂದ್ರ ಮನ್ಯಾಗ ಪಾಠ, ವಾರಕ್ಕೊಮ್ಮೆ ಮಾಸ್ತರ ಬರ್ತಾರ. ನೀವು ಹೋದ ಮ್ಯಾಲ ಈಕಿಗಿ ಏನ ಬೇಕಂತ ನಮಗ ಹೆಂಗ ತಿಳೀಬೇಕ್ರಿ?”

ಯಲ್ಲವ್ವ ಸೆರಗಿನ ತುದಿ ಹಿಡಿದುಕೊಂಡು, “ನಾವು ಹೊತ್ತ ಹುಟ್ಟಿದ ಕೂಡ್ಲೇ ಕುರಿ ಹಿಂದ ಹೊಕ್ಕೇವ್ರಿ ಸರ. ಮನ್ಯಾಗ ಅಂದ್ರ ಆಕಿಗಿ ಕುರಿಮರಿನ ಮಾಸ್ತರ” ಎಂದಳು.

ಇಷ್ಟು ಕೇಳಿಯೂ ನಾನು ಮಾಡಿದ್ದೇನು? ಬಾಯಾರುವ ಮುಂಚೆ ನೀರು ಕೊಟ್ಟೆ. ಕೂರುವ ಮುಂಚೆ ಚಾಪೆ ಹಾಸಿದೆ. ಕಾಲು ಜೋಡಿಸಿದಳೆಂದರೆ ಪಾಯಖಾನೆಗೆ ಕರೆದೊಯ್ದೆ. ಮೂರು ವಾರ ಕಳೆದರೂ ಆ ಚೀಟಿಗಳು ಹೊಚ್ಚಹೊಸದಾಗಿಯೇ ಇದ್ದವು. ನೋಡಲು ಬಂದ ಮೇಡಂ ನನ್ನನ್ನು ಬಾಜೂಕ್ಕೆ ಕರೆದು, “ಅಕ್ಕಾರ, ನೀವು ಹಿಂಗ ಮಾಡಿದ್ರ ಆಕಿಗಿ ಬೇಕು ಅನ್ನೋದ ಬರಾಂಗಿಲ್ಲ” ಎಂದರು. ಕೊನೆಯ ವಾರ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ನಾಲ್ಕನೆಯ ದಿನ ರೇಣುಕಾ ನೀರಿನ ಚೀಟಿ ಎತ್ತಿ ನನ್ನ ಮೂಗಿಗೆ ಹಿಡಿದಳು. ಅವಳಿಗೆ ನೀರು ಸಿಗುವ ಮೊದಲು ನನ್ನ ಕಣ್ಣಲ್ಲಿ ನೀರು ಬಂತು.

ಪರೀಕ್ಷೆಯ ದಿನ ಮಧ್ಯಾಹ್ನದ ಬಿಸಿಯೂಟ. ಜಗುಲಿಯ ಮೇಲೆ ಮೇಡಂ, ಅವರ ಪಕ್ಕ ಹೆಡ್‌ಮಾಸ್ತರರು. ರೇಣುಕಾ ತಾನೇ ಎದ್ದು ಹೋಗಿ ಅಡುಗೆಯ ಕಾಶವ್ವನಿಗೆ ಊಟದ ಚೀಟಿ ತೋರಿಸಿದಳು. ಕಾಶವ್ವ ಅನ್ನ ಸಾರು ಹಾಕಿದಳು. ನಾನು ಅಲ್ಲಿಗೇ ಅಲ್ಲಾಹನಿಗೆ ಶುಕರ್ ಹೇಳಿ ಸುಮ್ಮನಿದ್ದಿದ್ದರೆ ಇಬ್ಬರೂ ಪಾಸು. ಆದರೆ ತಾಟಿನಲ್ಲಿ ಸಾರು ಕಡಿಮೆ ಕಂಡಿತು. ಬೆರಳ ಗೆಣ್ಣಿನ ಮೇಲೆ ಹತ್ತು ಸುಬ್ಹಾನಲ್ಲಾ ಎಣಿಸತೊಡಗಿದೆ. ಏಳಕ್ಕೇ ಸೌಟು ಕೈಯಲ್ಲಿತ್ತು.

ರೇಣುಕಾ ‘ಸಾಕು’ ಚೀಟಿ ಎತ್ತಿದಳು. ಎಷ್ಟು ಮರ್ಯಾದಸ್ಥ ಹುಡುಗಿ ಎಂದು ಹಿಗ್ಗಿ, ಒಂದು ಸೌಟು ಹಾಕಿದೆ. ಮತ್ತೆ ಎತ್ತಿದಳು. ಜನರೆದುರು ಸಂಕೋಚ ಪಡುತ್ತಿದೆ ಕೂಸು ಎಂದು ಇನ್ನೊಂದು ಹಾಕಿದೆ. ಮೂರನೆಯ ಸಲ ಅವಳು ಕೊರಳಿನ ದಾರವನ್ನೇ ತೆಗೆದು, ಚೀಟಿಗಳನ್ನೆಲ್ಲ ಸಾರಿನ ಮೇಲೆ ಇಟ್ಟು, ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕುರಿಯನ್ನು ಹಿಡಿದು ನಿಲ್ಲಿಸುವ ಮನೆತನದ ಕೈ, ಅಲ್ಲಾಡಿಸಲಾಗಲಿಲ್ಲ.

“ಹಸೀನಕ್ಕ, ಕೂಸು ಒಲ್ಲೆ ಅನ್ನಾಕತೈತಿ, ಕಿವಿ ಕೇಳಸಂಗಿಲ್ಲೇನ?” ಎಂದಳು ಕಾಶವ್ವ.

ಮಾತು ಬಾರದ ಹುಡುಗಿಯ ಮಾತು ಜಗುಲಿಯ ತನಕ ಎಲ್ಲರಿಗೂ ಕೇಳಿಸಿತ್ತು, ನನ್ನೊಬ್ಬಳನ್ನು ಬಿಟ್ಟು. ಹೆಡ್‌ಮಾಸ್ತರರು ಕೈ ತೊಳೆಯಲು ಎದ್ದು ಹೋದರು. ಸಾರಿನಲ್ಲಿ ಚೀಟಿ ಮುಳುಗಿಸಿದ್ದನ್ನು ಅವರು ಕಲಿಕೆ ಎನ್ನುತ್ತಾರೋ, ಮೊಂಡುತನ ಎಂದು ಮನೆಗೆ ಕಳಿಸುತ್ತಾರೋ ತಿಳಿಯದೆ, ಐದು ಹೊತ್ತಿನ ನಮಾಜಿನಲ್ಲೂ ಅದನ್ನೇ ಕೇಳುತ್ತ ಒಂದು ವಾರ ಕಳೆದಿದ್ದೆ.

ಅರ್ಧ ತಾಸಾಯಿತು. ಮನೆಯವರು ಅರಳೆಯಿಂದ ಫೋನು ತೆಗೆದು ಒತ್ತಿದರು. ದೇವರು ದೊಡ್ಡವನು, ಬೆಳಗಿತು. ಮೇಡಂಗೆ ಫೋನು ಹಚ್ಚಿ ಕೊಟ್ಟರು.

“ರೇಣುಕಾ ಅಲ್ಲೇ ಇರ್ತಾಳ್ರಿ ಅಕ್ಕಾರ” ಎಂದರು ಮೇಡಂ. “ಹೆಡ್‌ಮಾಸ್ತರ ಏನಂದ್ರು ಗೊತ್ತೈತೇನ್ರಿ? ನಿಮ್ಮಂಥಾ ಹೆಣ್ಣಮಗಳಿಗೆ ಸಾಕು ಅಂತ ತಿಳಿಸಿದಾಕಿ, ನಮಗ ಏನ ಬೇಕಾದ್ರೂ ತಿಳಸ್ತಾಳ ಅಂದ್ರು. ಮತ್ತ ನಿಮ್ಮ ಇನ್ನೊಂದ ತಿಂಗಳಾನೂ ಆಕಿ ಹತ್ರನ ಹಾಕೇನ್ರಿ. ನಿಮಗ ಕಲಸಾಕ ಆಕಿನ ಬರೋಬ್ಬರಿ.”

ನಾಪಾಸಾದದ್ದಕ್ಕೆ ಶುಕರ್ ಹೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಮನೆಯವರು, “ಏನಾತ?” ಎಂದು ಕೇಳಿದರು.

“ಒಂದ ಹುಡುಗಿ ನನ್ನ ಮಾತ ಕೇಳಲಿಲ್ರಿ, ಅಲ್ಹಮ್ದುಲಿಲ್ಲಾ” ಎಂದೆ.

ಅವರು ಸೂಜಿಗೆ ದಾರ ಪೋಣಿಸುತ್ತ ಅಂಗಡಿಗೆ ಹೋದರು. ಓಣಿಯಲ್ಲಿ ಯಾರೋ ನಳ ಬಂತೆಂದು ಕೂಗಿದರು. ಕೊಡಗಳನ್ನು ತಿಕ್ಕಿ ನೀರಿಗೆ ಸಾಲಾಗಿ ಇಡಲು ನಾನೂ ಎದ್ದೆ.