ಸ್ಪ್ರಿಂಗಿನ ಬಳೆ ತಿರುಗಿಸಿದವರು ಯಾರು

ಗೆಳೆಯರೇ, ಬೈಕಿನ ಹಿಂದಿನ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಬಳೆ ಇರುತ್ತದೆ, ನೋಡಿದ್ದೀರಾ? ನಾನು ನೋಡಿದ್ದು ಇವತ್ತೇ.

ಒಂದು ವಾರದಿಂದ ಗುಡೇಕೋಟೆ ರಸ್ತೆಯ ಪ್ರತಿ ತಗ್ಗೂ ನೇರ ನನ್ನ ಸೊಂಟಕ್ಕೆ ಬಡಿಯುತ್ತಿತ್ತು. ಮೆಕ್ಯಾನಿಕ್ ಮಾಬು ಕೊಕ್ಕೆಯಂಥ ಪಾನಾ ಹಾಕಿ ಆ ಬಳೆ ತಿರುಗಿಸಿ ತೋರಿಸಿದ. ಮೆಟ್ಟಿಲು ಏರಿದರೆ ಸ್ಪ್ರಿಂಗು ಬಿಗಿ, ಇಳಿದರೆ ಸಡಿಲ. ನನ್ನದು ತೀರಾ ಮೇಲಿನ ಮೆಟ್ಟಿಲಲ್ಲಿ ಕೂತಿತ್ತು.

“ಇಷ್ಟು ಬಿಗಿ ಶೇಂಗಾ ಚೀಲ ಹೇರೋರಿಗೆ ಇಡೋದ್ರಿ,” ಎಂದ.

“ಮತ್ತ ನಂದ್ಯಾಕ ಹಿಂಗ ಇಟ್ಟಿ?”

“ಸರ್ವಿಸಿಗೆ ಬಿಟ್ಟಾಗ ಅಕ್ಕಾರು ಫೋನ್ ಮಾಡಿ ಹೇಳಿದ್ರಲ್ರಿ.”

ಅಕ್ಕಾರು ಅಂದರೆ ನನ್ನ ಹೆಂಡತಿ, ದಿನಾ ನನ್ನ ಹಿಂದೆ ಕೂತು ಅದೇ ರಸ್ತೆಯಲ್ಲಿ ಬರುವವಳು. ಮನೆಗೆ ಬಂದು ಕೇಳಿದೆ. ರೊಟ್ಟಿ ಬಡಿಯುತ್ತಲೇ ಹೇಳಿದಳು:

“ಮೆತ್ತಗಿದ್ರ ನೀವು ತಗ್ಗು ನೋಡಂಗಿಲ್ಲ, ಹಾರಿಸ್ಕೊಂಡು ಹೋಗ್ತೀರಿ. ಈ ವಾರ ಎಷ್ಟು ನಿಧಾನ ಓಡಿಸೀರಿ, ನೀವ ಹೇಳ್ರಿ.”

“ನಿನ್ನ ಸೊಂಟ ನೋಯಂಗಿಲ್ಲೇನು?”

“ನೋಯ್ತೈತಿ. ಮುರಿಯೋದಕ್ಕಿಂತ ನೋಯೋದು ಚಲೋ.”

ಮಾಬು ಇಳಿಸಿಕೊಟ್ಟ ಬಳೆಯನ್ನು ನಾಳೆ ಮತ್ತೆ ಏರಿಸಿಕೊಂಡು ಬರಬೇಕಂತೆ. ಬೈಕಿಗೆ ಎರಡೇ ಬ್ರೇಕು ಎಂದುಕೊಂಡಿದ್ದೆ. ಮೂರನೆಯದು ನನ್ನ ಸೊಂಟದಲ್ಲಿದೆ.