ಗೋಡೆಗೆ ಒರಗಿ ಎಣಿಸಿದ ಒದೆತಗಳು

ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂಬುದು ನಮ್ಮ ಓಣಿಗೆಲ್ಲ ಗೊತ್ತಿರುವ ಸಂಗತಿ. ಸತ್ತವರ ಮನೆಗೆ ಮಾತನಾಡಿಸಲು ಹೋದರೂ ಒಂದು ನಗೆಮಾತು ಆಡದೆ ಬರುವವನಲ್ಲ ಎಂದು ಅವ್ವ ಬೈಯುತ್ತಾಳೆ. ಬನಹಟ್ಟಿಯಲ್ಲಿ ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವರು ನಾವು, ಮನೆಯೊಳಗೂ ಕೂಗಿಯೇ ಮಾತಾಡಬೇಕು. ದುಃಖವನ್ನು ಯಾರಾದರೂ ಕೂಗಿ ಹೇಳಿಕೊಳ್ಳುತ್ತಾರೆಯೇ? ಚೇಷ್ಟೆಯನ್ನಾದರೆ ಎಷ್ಟು ಬೇಕಾದರೂ ಕೂಗಬಹುದು. ಹಾಗಾಗಿ ನನಗೆ ಅದೊಂದೇ ಬಂತು.

ಮದುವೆಯಾಗಿ ನಾಲ್ಕು ವರ್ಷಕ್ಕೆ ನನ್ನ ಹೆಂಡತಿ ಬಸಿರಾದಳು. ಆ ನಾಲ್ಕು ವರ್ಷ ಅವಳು ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಆಡಿದವರೆಲ್ಲ ಇನ್ನೂ ನಮ್ಮ ಮನೆಗೆ ಚಹಾಕ್ಕೆ ಬರುತ್ತಾರೆ. ಸುದ್ದಿ ತಿಳಿದ ದಿನ ಅಪ್ಪ ಅಂಗಿ ತೊಟ್ಟು ಪೇಟೆಗೆ ಹೋಗಿ ಒಂದು ಪೊಟ್ಟಣ ಪೇಡೆ ತಂದು ದೇವರ ಮುಂದಿಟ್ಟು ಮತ್ತೆ ಮಗ್ಗದ ಹತ್ತಿರ ಹೋಗಿ ನಿಂತರು. ನಾನು ಮಾತ್ರ ಅಂದೇ ಕೂಸನ್ನು ಯಾವ ಶಾಲೆಗೆ ಹಾಕಬೇಕೆಂದು ಮಾತು ತೆಗೆದೆ. "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಬ್ಯಾಡಲೇ, ಬಾಯಿ ಮುಚ್ಚು," ಎಂದಳು ಅವ್ವ. ಬೈದಳೇ ಹೊರತು ಮುಖದಲ್ಲಿ ಸಿಟ್ಟಿರಲಿಲ್ಲ.

ನಮ್ಮದು ನಾಲ್ಕು ಪವರ್‌ಲೂಮ್‌ಗಳ ಮನೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ನಡುಮನೆಯ ಗೋಡೆಯ ಆಚೆಗೇ ಮಗ್ಗ. ಅಪ್ಪ ಮತ್ತು ನಾನು ಹಗಲೆಲ್ಲ ಅವನ್ನು ನಡೆಸುತ್ತೇವೆ. ಮಗ್ಗ ಶುರುವಾದರೆ ಫರಸಿ ಕಲ್ಲಿನ ನೆಲ ಅದುರುತ್ತದೆ, ಗೋಡೆಯ ಮಾಡದಲ್ಲಿಟ್ಟ ತಾಟುಗಳು ಸಣ್ಣಗೆ ಗಲಗಲಿಸುತ್ತವೆ. ಮದುವೆಯಾಗಿ ಬಂದ ಹೊಸತರಲ್ಲಿ ಹೆಂಡತಿಗೆ ತಲೆಶೂಲೆ ಬರುತ್ತಿತ್ತು. ಅವಳ ತವರು ಸಾವಳಗಿ, ಒಕ್ಕಲುತನದ ಮನೆ. ಅಲ್ಲಿ ಸದ್ದು ಎಂದರೆ ಎಮ್ಮೆ ಕೂಗುವುದು, ಟ್ರ್ಯಾಕ್ಟರ್ ಬರುವುದು, ಅಷ್ಟೇ. ಎರಡು ವರ್ಷದಲ್ಲಿ ಅವಳೂ ನಮ್ಮಂತೆ ಕೂಗಿ ಮಾತಾಡಲು ಕಲಿತಳು.

ಐದು ತಿಂಗಳು ತುಂಬಿದ ಮೇಲೆ ಕೂಸು ಅಲುಗಾಡತೊಡಗಿತು. ಮುಂಜಾನೆ ನಾನು ಮಗ್ಗ ಹಚ್ಚುವುದಕ್ಕೂ ಅದು ಒದೆಯುವುದಕ್ಕೂ ಸರಿಹೋಗುತ್ತಿತ್ತು. ಒಂದು ದಿನ ಅವಳು ಅದನ್ನು ಹೇಳಿದ್ದೇ ತಡ, ನನಗೆ ಆಡಲು ಮಾತು ಸಿಕ್ಕಿತು. "ನೇಕಾರ ಕೂಸು. ಹುಟ್ಟೂ ಮೊದಲ ಕೆಲಸಕ್ಕ ಹತ್ತೈತಿ," ಎಂದೆ. ರಾತ್ರಿ ಮಗ್ಗ ನಿಂತ ಮೇಲೂ ಒದೆಯುತ್ತದೆ ಎಂದಳು. "ಅದು ಓವರ್‌ಟೈಮ್," ಎಂದೆ. ಈ ಮಾತು ಓಣಿಯೆಲ್ಲ ಹರಡಿತು. ನೂಲು ಕೊಡಲು ಬಂದವರೂ "ಒಳಗಿನ ಕೆಲಸಗಾರ ಹೆಂಗದಾನ?" ಎಂದು ಕೇಳುವಂತಾಯಿತು.

ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಆಯಿತು. ಸಾವಳಗಿಯಿಂದ ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ಉಂಡಿ ಬಂದವು. ಅವಳ ಅಪ್ಪ ಅಂದೇ ಕರೆದುಕೊಂಡು ಹೋಗುವ ಮಾತೆತ್ತಿದರು. ಕಬ್ಬಿನ ಕಟಾವು ನಡೆದಿತ್ತು, ಮನೆಯಲ್ಲಿ ನೋಡಿಕೊಳ್ಳಲು ಆಳಿಲ್ಲ ಎಂದು ಅವಳ ತಾಯಿಯೇ ಹಿಂದೆಮುಂದೆ ನೋಡಿದರು. ಅಷ್ಟರಲ್ಲಿ ಎಂಟು ಹಿಡಿಯಿತು, ಎಂಟರಲ್ಲಿ ಬಸುರಿಯನ್ನು ಊರು ದಾಟಿಸಬಾರದು ಎಂದಳು ಅವ್ವ. ಒಂಬತ್ತು ಬೀಳಲಿ, ಆಗ ಒಯ್ಯಲಿ ಎಂದಾಯಿತು. ನನಗಂತೂ ಖುಷಿ. ಅವಳು ಹೋದರೆ ಐದಾರು ತಿಂಗಳು ಒಬ್ಬನೇ ಇರಬೇಕಲ್ಲ ಎಂಬ ಸ್ವಾರ್ಥ.

ತಿಂಗಳ ತಪಾಸಣೆಗೆ ಹೋದಾಗ ದವಾಖಾನೆಯ ನರ್ಸ್ ಅವಳಿಗೆ ಒಂದು ಕೆಲಸ ಹೇಳಿಕೊಟ್ಟಿದ್ದರು. ದಿನಾ ಊಟವಾದ ಮೇಲೆ ಸುಮ್ಮನಿರುವ ಕಡೆ ಕೂತು ಕೂಸು ಎಷ್ಟು ಸಲ ಅಲುಗಾಡುತ್ತದೆ ಎಂದು ಎಣಿಸಬೇಕು, ಹತ್ತು ಆಗಬೇಕು, ಕಡಿಮೆಯಾದರೆ ತಡಮಾಡದೆ ಬರಬೇಕು. ನನ್ನ ಹೆಂಡತಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳು. ಮಧ್ಯಾಹ್ನ ರೊಟ್ಟಿ ಉಂಡು, ನಡುಮನೆಯಲ್ಲಿ ಚಾಪೆ ಹಾಸಿ, ಮಗ್ಗದ ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದಳು. ಆ ಗೋಡೆಯೇ ಯಾಕೆಂದರೆ, ಅದರ ಅದುರು ಬೆನ್ನಿಗೆ ಹಿತವಾಗಿತ್ತು. ಯಾರೋ ತಿಕ್ಕಿದ ಹಾಗಾಗುತ್ತದೆ, ಸೊಂಟದ ನೋವು ಇಳಿಯುತ್ತದೆ ಎನ್ನುತ್ತಿದ್ದಳು. ಕಣ್ಣು ಮುಚ್ಚಿ, ಬೆರಳ ಗೆರೆಗಳ ಮೇಲೆ ಹೆಬ್ಬೆರಳು ಸರಿಸುತ್ತ ಎಣಿಸುವುದು. ಮುಗಿದ ಮೇಲೆ ಬಾಗಿಲಿಗೆ ಬಂದು ಎರಡೂ ಕೈ ಬಿಚ್ಚಿ ತೋರಿಸುತ್ತಿದ್ದಳು, ಹತ್ತು. ನಾನು ಮಗ್ಗದ ಹತ್ತಿರದಿಂದಲೇ ಕೈ ಎತ್ತಿ ಸಲಾಮು ಹೊಡೆಯುತ್ತಿದ್ದೆ. ಒಮ್ಮೊಮ್ಮೆ ಅಪ್ಪನಿಗೆ ಮಗ್ಗ ಒಪ್ಪಿಸಿ ನಾನೂ ಬಂದು ಪಕ್ಕದಲ್ಲಿ ಕೂತು ಹೊಟ್ಟೆಯ ಮೇಲೆ ಕೈ ಇಡುತ್ತಿದ್ದೆ. ಅಂಗೈಗೆ ತಟ್ಟುತ್ತಿತ್ತು. ಖರೆ ಹೇಳುತ್ತೇನೆ, ತಟ್ಟುತ್ತಿತ್ತು.

ಎಂಟು ಮುಗಿಯುವ ಹೊತ್ತಿಗೆ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಹಚ್ಚುವುದಿಲ್ಲ. ಧೂಳು ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತೇವೆ. ಆವತ್ತು ಊರಿಗೆ ಊರೇ ಸುಮ್ಮನಿರುತ್ತದೆ. ರೂಢಿಯಂತೆ ಕೂಗಿ ಮಾತಾಡಿ ನಮ್ಮ ದನಿಗೆ ನಾವೇ ಬೆಚ್ಚುತ್ತೇವೆ.

ಮಧ್ಯಾಹ್ನ ಕಡಬು ಉಂಡು ಎಲ್ಲರೂ ನಡುಮನೆಯಲ್ಲಿ ಅಡ್ಡಾಗಿದ್ದೆವು. ಅವಳು ತನ್ನ ಜಾಗದಲ್ಲಿ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, "ಇವತ್ತ ಕೂಸ ಅಲಗಾಡವಲ್ದ್ರಿ," ಎಂದಳು.

ನಾನು ತಲೆ ಎತ್ತಲೂ ಇಲ್ಲ. "ನೇಕಾರ ಕೂಸ ಐತಿ. ಅಮಾಸಿಗೆ ಅದಕ್ಕೂ ಸೂಟಿ," ಎಂದೆ.

ಅವ್ವ ನಕ್ಕಳು. ನಗದ ಅಪ್ಪನೂ ನಕ್ಕರು. ಅವಳೂ ನಕ್ಕಳು, ನಗುತ್ತಲೇ ಹೊಟ್ಟೆಯ ಮೇಲಿನ ಕೈ ತೆಗೆದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಮಾತು ಮಾತ್ರ ಹೋಗಲಿಲ್ಲ, ಇಲ್ಲೇ ಇದೆ. ಸಂಜೆ ಅವಳು ಇನ್ನೊಮ್ಮೆ, "ದವಾಖಾನಿಗಿ ಹೋಗಿ ಬರೂಣೇನ್ರಿ?" ಎಂದಳು. "ಅಮಾಸಿ ದಿನ ಬಸರಿ ಹೊಸ್ತಿಲ ದಾಟಬಾರದವ್ವಾ, ನಾಳೆ ಹೋಗ್ರಿ," ಎಂದಳು ಅವ್ವ. ನಾನು ಸುಮ್ಮನಿದ್ದೆ. ಎಂದೂ ಸುಮ್ಮನಿರದ ಬಾಯಿ ಆವತ್ತು ಆ ಒಂದು ಸಲ ಸುಮ್ಮನಿತ್ತು.

ಮರುದಿನ ಮುಂಜಾನೆ ಮಗ್ಗ ಹಚ್ಚಿದೆ. ಅವಳು ಮುಖ ತೊಳೆದು, ಚಹಾ ಕೂಡ ಕುಡಿಯದೆ ಗೋಡೆಗೆ ಒರಗಿ ಕೂತದ್ದು ಬಾಗಿಲಿನಿಂದ ಕಂಡಿತು. ಸ್ವಲ್ಪ ಹೊತ್ತಿಗೆ ಅವಳ ಮುಖ ಅರಳಿತು. ನನ್ನತ್ತ ನೋಡಿ ತಲೆಯಾಡಿಸಿದಳು, ಅಲುಗಾಡಿತು ಎಂದು. ನನಗೂ ಹೋದ ಜೀವ ಬಂದಂತಾಯಿತು. ಹಾಗೇ ನೋಡುತ್ತಿದ್ದಂತೆ ಅವಳ ಮುಖ ಬದಲಾಯಿತು. ಏನೋ ಹೊಳೆದವಳಂತೆ ಎದ್ದು ಹಿತ್ತಿಲಿಗೆ ಹೋದಳು. ಹಿತ್ತಿಲ ಕೊನೆಯಲ್ಲಿ, ಬೇವಿನ ಗಿಡದ ಬುಡದಲ್ಲಿ ಮಣ್ಣ ನೆಲದ ಮೇಲೆ ಕೂತಳು. ಎಷ್ಟೋ ಹೊತ್ತು ಕೂತಳು. ಎದ್ದು ಬಂದು ಮತ್ತೆ ಗೋಡೆಗೆ ಒರಗಿದಳು. ಮತ್ತೆ ಬೇವಿನ ಗಿಡದ ಹತ್ತಿರ ಹೋದಳು. ಇವಳಿಗೆ ಏನಾಯಿತೆಂದು ನನಗೆ ತಿಳಿಯಲಿಲ್ಲ, ಹರಿದ ಎಳೆಗೆ ಗಂಟು ಹಾಕುತ್ತ ನಿಂತಿದ್ದೆ.

ಆಮೇಲೆ ಅವಳು ಮಗ್ಗದ ಮನೆಯೊಳಗೆ ಬಂದಳು. ಬಸುರಿಯಾದ ಮೇಲೆ ಅವ್ವ ಅವಳನ್ನು ಅಲ್ಲಿ ಕಾಲಿಡಗೊಡುತ್ತಿರಲಿಲ್ಲ. ನೆಟ್ಟಗೆ ಹೋಗಿ ಗೋಡೆಯ ಮೇಲಿನ ದೊಡ್ಡ ಸ್ವಿಚ್ ಕೆಳಗೆ ಎಳೆದಳು. ನಾಲ್ಕೂ ಮಗ್ಗ ನಿಂತವು. ಅಪ್ಪ ಗಾಬರಿಯಿಂದ ತಿರುಗಿದರು.

"ಅದು ಕೂಸಲ್ರಿ," ಎಂದಳು. "ಮಗ್ಗ. ಇಷ್ಟ ದಿನ ನಾ ಮಗ್ಗ ಎಣಿಸೀನಿ."

ಟಂಟಂ ಆಟೋ ಮಾಡಿಕೊಂಡು, ಅವ್ವನನ್ನೂ ಕೂರಿಸಿಕೊಂಡು, ಜಮಖಂಡಿಯ ದವಾಖಾನೆಗೆ ಹೊರಟೆವು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರ್‌ಗಳು, ಎರಡೆರಡು ಟ್ರಾಲಿ ಕಟ್ಟಿಕೊಂಡು ಹಾದಿ ಬಿಡದೆ ಹೋಗುತ್ತಿದ್ದವು. ನಾನು ಹೊರಗೆ ತಲೆ ಹಾಕಿ ಅವರ ತಾಯಿತಂದೆಯನ್ನೆಲ್ಲ ಬೈದೆ. ಟಂಟಂ ಕುಣಿದಾಗೊಮ್ಮೆ ಅವಳು ಹೊಟ್ಟೆ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಳು. ಈಗಿನದು ಯಾವುದು, ಕೂಸೋ ಗಾಡಿಯೋ ಎಂದು ಕೇಳುವ ನೋಟ. ನಾನು ಹೊರಗೆ ನೋಡುತ್ತ ಕೂತೆ.

ಡಾಕ್ಟರಮ್ಮ ಸ್ಕ್ಯಾನಿಂಗ್ ಮಿಷನ್ನಿನ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಗಲೇ ನನಗೆ ಗೊತ್ತಾಯಿತು. ಬಹಳ ಹೊತ್ತು ನೋಡಿ, ಅವಳ ಕೈ ಹಿಡಿದು, "ತಂಗಿ, ಕೂಸಿನ ಎದಿ ಬಡಿತ ನಿಂತದ," ಎಂದರು. ಯಾವಾಗಿನಿಂದ ಅಲುಗಾಟ ಇಲ್ಲ ಎಂದು ಕೇಳಿದರು.

"ಮೊನ್ನಿ ತನಕ ಹತ್ತ ಇತ್ರಿ. ದಿನಾ ಹತ್ತ ಆಗತಿತ್ತು," ಎಂದಳು. ಮತ್ತೆ ತಾನೇ, "ಈಗೀಗ ರಾತ್ರಿ ಸುಮ್ಮನಿರತಿತ್ರಿ. ಮಲಗೇತಿ ಅಂದ್ಕೊಂಡೆ," ಎಂದಳು.

ಅವರು ನನ್ನನ್ನೂ ಅವ್ವನನ್ನೂ ಹೊರಗೆ ಕರೆದು ಹೇಳಿದರು. ಕೂಸು ಹೋಗಿ ನಾಲ್ಕೈದು ದಿನವಾಗಿರಬೇಕು. ನಿನ್ನೆ ಬಂದಿದ್ದರೂ ಏನೂ ಆಗುತ್ತಿರಲಿಲ್ಲ. ಇದನ್ನು ಕೇಳಿ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಉಸಿರು ಬಿಟ್ಟಳು, ಅಮಾವಾಸ್ಯೆಯ ತಪ್ಪು ಅವಳ ತಲೆಯಿಂದ ಇಳಿಯಿತು. ನನ್ನ ತಲೆಯಿಂದ ಏನೂ ಇಳಿಯಲಿಲ್ಲ. ನಾಲ್ಕೈದು ದಿನದ ಹಿಂದೆ ಏನೋ ಆಗಿದೆ, ಕೂಸು ನಿಧಾನವಾಗಿದೆ, ನಿಂತಿದೆ. ಆಗ ನಾನು ಅದರ ಮೇಲೆ ಕೈ ಇಟ್ಟುಕೊಂಡು "ಭಲೇ ಮಗನ" ಎನ್ನುತ್ತ ಕೂತಿದ್ದೆ. ನರ್ಸ್ ಹೇಳಿದ್ದು ಸುಮ್ಮನಿರುವ ಕಡೆ ಕೂತು ಎಣಿಸು ಎಂದು. ನಮ್ಮ ಮನೆಯಲ್ಲಿ ಸುಮ್ಮನಿರುವ ಕಡೆ ಎಲ್ಲಿದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಆ ಅದುರು ನಮಗೆ ಅದುರು ಎಂದೇ ಅನಿಸುತ್ತಿರಲಿಲ್ಲ.

ಸತ್ತ ಕೂಸನ್ನೂ ಹೆರಲೇಬೇಕು, ಅದು ನನಗೆ ಗೊತ್ತಿರಲಿಲ್ಲ. ಔಷಧ ಕೊಟ್ಟು ಬೇನೆ ಬರಿಸಿದರು. ಎಲ್ಲ ಹೆಂಗಸರಂತೆ ಅವಳೂ ಬೇನೆ ತಿಂದಳು, ಕೊನೆಗೆ ಅಳು ಕೇಳಲಿಲ್ಲ, ಅಷ್ಟೇ. ಹೆಣ್ಣು ಎಂದರು. ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನಾನು ತಿಳಿದುಕೊಂಡಿದ್ದಕ್ಕಿಂತ ಭಾರವಿತ್ತು. "ಅಕಿಗೆ ತೋರಸಬ್ಯಾಡ್ರಿ. ನೀನೂ ಮುಖ ನೋಡಬ್ಯಾಡಲೇ ತಮ್ಮಾ, ನೋಡಿದ್ರ ಮಾಯೆ ಹತ್ತತೈತಿ, ಬಿಡಂಗಿಲ್ಲ," ಎಂದರು ಸುದ್ದಿ ತಿಳಿದು ಬಂದಿದ್ದ ಕಾಕಾ, ಅಪ್ಪನ ತಮ್ಮ. ಒಳಗಿನಿಂದ ಅವಳು ನನ್ನನ್ನು ಕರೆಯುತ್ತಿದ್ದಳು. ನಾನು ಹೋಗಲಿಲ್ಲ.

ಊರಿಗೆ ತಂದು, ರುದ್ರಭೂಮಿಯ ಮೂಲೆಯಲ್ಲಿ ಸಣ್ಣ ಮಕ್ಕಳನ್ನು ಇಡುವ ಜಾಗದಲ್ಲಿ ಕಾಕಾ ಅಗೆದರು. ಜಮಖಂಡಿಯಿಂದ ಅಲ್ಲಿಯವರೆಗೆ ಆ ಗಂಟು ನನ್ನ ತೊಡೆಯ ಮೇಲೇ ಇತ್ತು. ಬಟ್ಟೆಯ ತುದಿ ಮುಖದ ಕಡೆ ಸಡಿಲವಾಗಿತ್ತು, ಒಂದು ಬೆರಳು ಹಾಕಿದರೆ ಸರಿಯುತ್ತಿತ್ತು. ನಾನು ಮುಖ ನೋಡದೆ ಉಳಿದದ್ದು ಹಿರಿಯರ ಮಾತಿಗಾಗಿ ಅಲ್ಲ. ಹೆದರಿದ್ದೆ. ಅದು ನನ್ನನ್ನು ನೋಡಿದರೆ ಎಂದು ಹೆದರಿದ್ದೆ. ಮುಚ್ಚಿದ ಹಾಗೆಯೇ ಇಳಿಸಿ ಮಣ್ಣು ಎಳೆದೆವು.

ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. "ಹೋದದ್ದು ಹೋತು, ಸಣ್ಣ ವಯಸ್ಸೈತಿ, ಮತ್ತ ಆಗತಾವ ಬಿಡು." ನನಗೆ ಮೈ ಉರಿಯುತ್ತಿತ್ತು. ಎಳೆ ಹರಿದರೆ ಗಂಟು ಹಾಕಿ ಮುಂದೆ ನೇಯಬಹುದು, ಇದೇನು ನೂಲೇ? ಮೂರನೆಯ ದಿನ ಅವಳಿಗೆ ಹಾಲು ಬಂತು. ಸಾವಳಗಿಯಿಂದ ಬಂದ ಅವಳ ತಾಯಿ ಅಳುತ್ತ, ಎದೆಗೆ ಧೋತರದ ತುಂಡು ಬಿಗಿದು ಕಟ್ಟಿದರು. ಅದು ನೆನೆದರೆ ಬಿಚ್ಚಿ ಬೇರೆ ಕಟ್ಟುವುದು. ಹಿಂಡಿದ ಬಟ್ಟೆಯನ್ನು ಎಲ್ಲಿ ಒಣಹಾಕಬೇಕೆಂದು ತಿಳಿಯದೆ ಅವರು ಹಿತ್ತಿಲಲ್ಲಿ ನಿಂತಿದ್ದರು.

ಆ ದಿನವೇ, ಇಬ್ಬರೇ ಇದ್ದಾಗ, ಅವಳು ಕೇಳಿದಳು. "ನೀವ ಎತಗೊಂಡು ಹೋದ್ರಲ್ಲ. ಹೆಂಗಿದ್ಲು?"

ನಾನು ಏನಾದರೂ ಹೇಳಲೇಬೇಕಿತ್ತು. ನೋಡಲಿಲ್ಲ ಎಂದು ಹೇಳಬಹುದಿತ್ತು. ಅವಳು ಬೈಯುತ್ತಿದ್ದಳು, ಅಳುತ್ತಿದ್ದಳು, ಅಷ್ಟು ಸಾಕಿತ್ತು. "ನಿನ್ನಂಗ ಇದ್ಲು," ಎಂದೆ.

"ಮೂಗು?"

"ನಿನ್ನಂಗ."

"ಕೂದಲ ಇತ್ತೇನ್ರಿ?"

"ಭಾಳ ಇತ್ತು. ಕರ್ರಗ."

"ಗದ್ದದ ಮ್ಯಾಲ ಕುಣಿ?" ಅವಳ ಗದ್ದದಲ್ಲಿ ಒಂದು ಸಣ್ಣ ಗುಳಿ ಇದೆ. ಅದೂ ಇತ್ತು ಎಂದೆ. ಮೂರು ದಿನದಲ್ಲಿ ಮೊದಲ ಸಲ ಅವಳು ಹೊಟ್ಟೆ ತುಂಬ ಅತ್ತು ಮಲಗಿದಳು. ಒಳ್ಳೆಯದೇ ಮಾಡಿದೆ ಎಂದುಕೊಂಡೆ. ನನ್ನ ಬಾಯಿಗೆ ಜನರನ್ನು ಸಮಾಧಾನ ಮಾಡುವುದು ಸುಲಭ.

ಇದಾಗಿ ಎರಡು ವರ್ಷ. ಮಗ್ಗ ನಡೆದಿವೆ, ನಡೆಯಲೇಬೇಕು. ಆ ಗೋಡೆಗೆ ಅವಳು ಒರಗುವುದಿಲ್ಲ. ತವರಿನಲ್ಲಿ, ಓಣಿಯಲ್ಲಿ, ಯಾರಾದರೂ ಮಕ್ಕಳ ಮಾತು ತೆಗೆದರೆ ಅವಳು ಅಳದೆ ಹೇಳುತ್ತಾಳೆ, ನಮ್ಮ ಹುಡುಗಿ ನನ್ನಂಗ ಇದ್ಲು, ಇವರು ನೋಡ್ಯಾರ ಎಂದು. ಅವರು ನನ್ನ ಕಡೆ ನೋಡುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಕಾಕಾ ಒಮ್ಮೆ ಅಲ್ಲೇ ಕೂತಿದ್ದರು, ತಲೆ ತಗ್ಗಿಸಿದರು. ಈಗ ನಿಜ ಹೇಳಿದರೆ ಅವಳಿಂದ ಕೂಸನ್ನು ಎರಡನೆಯ ಸಲ ಕಸಿದುಕೊಂಡಂತೆ. ಹೇಳದಿದ್ದರೆ ಇಲ್ಲದ ಮುಖಕ್ಕೆ ದಿನಾ ನಾನು ಸಾಕ್ಷಿ.

ಮೊನ್ನೆ ಮುಂಜಾನೆ ತಲೆ ಬಾಚಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡ ಮೇಲೂ ಅವಳು ಕನ್ನಡಿಯ ಮುಂದಿನಿಂದ ಸರಿಯಲಿಲ್ಲ. ಬೆರಳಿನಿಂದ ಗದ್ದ ಮುಟ್ಟಿಕೊಂಡು ನಿಂತೇ ಇದ್ದಳು. ಮಗ್ಗ ಇನ್ನೂ ಹಚ್ಚಿರಲಿಲ್ಲ, ಕೂಗುವ ಅಗತ್ಯವಿರಲಿಲ್ಲ. "ಎಷ್ಟ ನೋಡಕೋತಿ?" ಎಂದೆ, ಚೇಷ್ಟೆಗೆ.

"ನನ್ನ ಅಲ್ರಿ," ಎಂದಳು. "ಅಕಿನ್ನ ನೋಡಾಕತ್ತೇನಿ."